ಅವ್ವನ ಜೊತೆ ಹದಿನಾಲ್ಕು ಗಂಟೆ

ನಮ್ಮ ಕಡೆ ಬಾಣಂತನವೆಂದರೆ ಮಗಳನ್ನು ತವರಿಗೆ ಕರೆತರುವುದು. ಈಗ ಎಷ್ಟೋ ಮನೆಗಳಲ್ಲಿ ಅದು ತಿರುವುಮುರುವಾಗಿದೆ. ತವರೇ ಗಂಟುಮೂಟೆ ಕಟ್ಟಿಕೊಂಡು ಮಗಳ ಮನೆಗೆ ಹೋಗಬೇಕು. ಸೋಮವಾರಪೇಟೆ, ಶನಿವಾರಸಂತೆ ಕಡೆಯ ತೋಟದ ಮನೆಗಳಿಂದ ಹೀಗೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಗೆ ಹೊರಟ ತಾಯಂದಿರನ್ನು ಕಂಡಿದ್ದೇನೆ. ಪಾಸ್‌ಪೋರ್ಟ್, ವೀಸಾ, ವಿಮೆ ಎಲ್ಲವನ್ನೂ ಮಕ್ಕಳು ಅಚ್ಚುಕಟ್ಟಾಗಿ ಮಾಡಿಸುತ್ತಾರೆ. ಆ ತಾಯಿ ಎಕಾನಮಿ ದರ್ಜೆಯ ಇಕ್ಕಟ್ಟಿನ ಸೀಟಿನಲ್ಲಿ ಹದಿನಾಲ್ಕು ಗಂಟೆ ಹೇಗೆ ಕೂರಬೇಕು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ತಂಗಿಯ ಬಾಣಂತನಕ್ಕೆಂದು ಅವ್ವನನ್ನು ಟೊರಾಂಟೊಗೆ ಕರೆದುಕೊಂಡು ಹೋದಾಗ ಕಂಡದ್ದನ್ನು ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಕೊಡಗಿಗೆ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಶಾಂತಳ್ಳಿ ಕಡೆಯ ನಮ್ಮ ಮನೆಯಿಂದ ಹೊರಟದ್ದು ಜುಲೈ ತಿಂಗಳ ಮಳೆಯಲ್ಲಿ. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಿದ ಸೀರೆಗಳಿಗೆ ಹೊಗೆಯ ವಾಸನೆ ಹಿಡಿದಿತ್ತು, ಅವನ್ನೇ ಮಡಿಸಿ ಪೆಟ್ಟಿಗೆಗೆ ತುಂಬಿದೆವು. ಶನಿವಾರಸಂತೆ, ಹಾಸನ, ನೆಲಮಂಗಲ ದಾಟಿ ದೇವನಹಳ್ಳಿ ಮುಟ್ಟುವಷ್ಟರಲ್ಲೇ ಸೊಂಟ ಹಿಡಿದುಕೊಳ್ಳುತ್ತದೆ. ಹಾಗಾಗಿ ಹಿಂದಿನ ದಿನವೇ ಹೊರಟು ಬೆಂಗಳೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿ ಉಳಿದುಕೊಂಡೆವು. ವಿಮಾನದ ದಣಿವಿನ ಮೇಲೆ ರಸ್ತೆಯ ದಣಿವನ್ನು ಹೇರಬಾರದು. ವಯಸ್ಸಾದವರ ವಿಷಯದಲ್ಲಿ ಈ ಒಂದು ರಾತ್ರಿಯನ್ನು ಉಳಿಸಲು ನೋಡಬೇಡಿ.

ಪೆಟ್ಟಿಗೆಯಲ್ಲಿ ಮುಖ್ಯವಾದದ್ದು ಲೇಹ್ಯ. ನಮ್ಮದೇ ತೋಟದ ಕಾಳುಮೆಣಸು, ಒಣಶುಂಠಿ, ಹಿಪ್ಪಲಿ, ಬೆಲ್ಲ, ತುಪ್ಪ ಸೇರಿಸಿ ಅವ್ವ ಎರಡು ದಿನ ಒಲೆಯ ಮುಂದೆ ಕೂತು ಕಾಸಿದ್ದರು. ಲೇಹ್ಯದಂಥ ಗಟ್ಟಿದ್ರವವನ್ನು 100 ಮಿಲಿಲೀಟರಿಗಿಂತ ಹೆಚ್ಚು ಕೈಚೀಲದಲ್ಲಿ ಒಯ್ಯುವಂತಿಲ್ಲ. ಆದ್ದರಿಂದ ಡಬ್ಬಿಯ ಬಾಯಿಗೆ ಟೇಪು ಸುತ್ತಿ ದೊಡ್ಡ ಪೆಟ್ಟಿಗೆಗೇ ಹಾಕಿದೆವು. ಅವ್ವನ ಬಿಪಿ ಮಾತ್ರೆ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ.

ಸೀಟಿನ ಮಾತಿಗೆ ಬರುತ್ತೇನೆ. ಟಿಕೆಟ್ ಮಾಡಿಕೊಟ್ಟ ಏಜೆಂಟರು ಬೇಕಾದ ಸೀಟನ್ನು ಮೊದಲೇ ಹಿಡಿಯಲು ಬೇರೆ ಹಣ ಕಟ್ಟಬೇಕೆಂದು ನಮಗೆ ತಿಳಿಸಲೇ ಇಲ್ಲ. ಟಿಕೆಟನ್ನು ತಿರುವಿ ನೋಡುತ್ತಿದ್ದಾಗ ನನಗೇ ಗೊತ್ತಾಗಿ, ಹಣ ಕಟ್ಟಿ, ದಾರಿ ಪಕ್ಕದ ಸೀಟನ್ನು ಅವ್ವನಿಗೆ ಹಿಡಿದೆ. ಮೆಣಸು ಮಾರಿದ ದುಡ್ಡಿನಲ್ಲಿ ಮಾಡಿಸಿದ ಟಿಕೆಟ್ ಅದು, ಪ್ರತಿ ರೂಪಾಯಿಗೂ ಲೆಕ್ಕವಿತ್ತು. ಆದರೂ ಆ ಹಣ ದಂಡವಲ್ಲ. ಯಾಕೆಂದರೆ ಊರಿನ ವಯಸ್ಸಾದ ಹೆಂಗಸರು ವಿಮಾನದಲ್ಲಿ ನೀರು ಕುಡಿಯುವುದಿಲ್ಲ. ನೀರು ಕುಡಿದರೆ ಶೌಚಕ್ಕೆ ಏಳಬೇಕು, ಏಳಬೇಕಾದರೆ ಪಕ್ಕದವರನ್ನು ಎಬ್ಬಿಸಬೇಕು, ಗುರುತಿಲ್ಲದವರನ್ನು, ಅದರಲ್ಲೂ ನಿದ್ದೆಯಲ್ಲಿರುವ ಗಂಡಸರನ್ನು ಎಬ್ಬಿಸುವುದಕ್ಕಿಂತ ಬಾಯಾರಿಕೆಯನ್ನೇ ತಡೆದುಕೊಂಡು ಕೂರುತ್ತಾರೆ. ನೀರು, ಶೌಚಾಲಯ, ಸೀಟು ಮೂರೂ ಒಂದಕ್ಕೊಂದು ಗಂಟುಬಿದ್ದಿವೆ. ಗಂಟು ಬಿಚ್ಚುವುದು ದಾರಿ ಪಕ್ಕದ ಸೀಟಿನಿಂದ.

ಬೆಂಗಳೂರಿನಿಂದ ದುಬೈಗೆ ರಾತ್ರಿಯ ವಿಮಾನ, ಅಲ್ಲಿಂದ ಮುಂಜಾವಿಗೆ ಮೊದಲು ಟೊರಾಂಟೊ ವಿಮಾನ. ಎರಡೂ ಎ380, ಎರಡು ಅಂತಸ್ತಿನವು. ಈ ವಿಮಾನ ಬೆಂಗಳೂರಿಗೆ ಬರತೊಡಗಿದ್ದು 2022ರ ಅಕ್ಟೋಬರಿನಲ್ಲಿ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 80 ಮೀಟರ್, ನಾಲ್ಕು ಎಂಜಿನ್, 22 ಗಾಲಿ, ಹೊರಡುವಾಗ ಭಾರ 575 ಟನ್ನಿನವರೆಗೂ ಇರಬಹುದು. 2005ರ ಏಪ್ರಿಲ್ 27ರಂದು ಫ್ರಾನ್ಸಿನ ತುಲೂಸಿನಲ್ಲಿ ಮೊದಲು ಹಾರಿದ ಈ ಮಾದರಿಯ ತಯಾರಿಕೆ 2021ಕ್ಕೆ ನಿಂತೇ ಹೋಯಿತು. ಗಾಜಿನಾಚೆ ಅದನ್ನು ನೋಡುತ್ತಾ ಅವ್ವ, "ಒಂದೂರಿನ ಜನವನ್ನೇ ಹೊತ್ತುಕೊಂಡು ಹೋಗುತ್ತದಲ್ಲ" ಎಂದರು. ನಿಜವೇ. ಐನೂರರ ಆಸುಪಾಸು ಜನ ಒಟ್ಟಿಗೆ ಹಿಡಿಸುತ್ತಾರೆ, ನಮ್ಮೂರಿನಲ್ಲಿ ಅಷ್ಟು ಜನರಿಲ್ಲ. ಹೊರಗೆ ಇಷ್ಟು ದೊಡ್ಡದಾದರೂ ಎಕಾನಮಿಯಲ್ಲಿ ಅಡ್ಡಸಾಲಿಗೆ ಮೂರು, ನಾಲ್ಕು, ಮೂರರಂತೆ ಹತ್ತು ಸೀಟು. ಒಂದು ಸೀಟಿಗೂ ಮುಂದಿನ ಸೀಟಿಗೂ ನಡುವೆ 32 ಅಂಗುಲದ ಸುಮಾರು, ಅದರಲ್ಲಿ ಸೀಟಿನ ದಪ್ಪವೂ ಸೇರಿದೆ. ಮುಂದಿನವರು ಒರಗಿದರೆ ಮೊಣಕಾಲಿಗೆ ಜಾಗ ಹುಡುಕಬೇಕು.

ದುಬೈಯಲ್ಲಿ ವಿಮಾನ ಬದಲಿಸುವಾಗ ಗಾಲಿಕುರ್ಚಿ ಕೇಳಿದ್ದೆವು. ಅದಕ್ಕೆ ಹಣವಿಲ್ಲ, ಟಿಕೆಟ್ ಮಾಡುವಾಗಲೇ ಹೇಳಿಡಬೇಕು ಅಷ್ಟೆ. ದಿನವಿಡೀ ತೋಟದ ಏರಿಳಿತದಲ್ಲಿ ಓಡಾಡುವ ಅವ್ವನಿಗೆ ಕುರ್ಚಿಯಲ್ಲಿ ಕೂರಲು ಇಷ್ಟವಿರಲಿಲ್ಲ. ಆದರೆ ನೂಕಲು ಬಂದ ಹುಡುಗ ಕಣ್ಣೂರಿನವನು. ಮೆಣಸಿನ ವ್ಯಾಪಾರಿಗಳ ಜೊತೆ ಮಾತಾಡಿ ಮಾತಾಡಿ ಕಲಿತ ಮಲಯಾಳದಲ್ಲಿ ಅವ್ವ ಅವನ ಮನೆಯವರನ್ನೆಲ್ಲ ವಿಚಾರಿಸಿಕೊಂಡರು. ಉದ್ದನೆಯ ಆ ನಿಲ್ದಾಣ ಮುಗಿದದ್ದೇ ತಿಳಿಯಲಿಲ್ಲ.

ಒಳಗಿನ ಗಾಳಿಯ ವಿಷಯ ನಮ್ಮವರಿಗೆ ಗೊತ್ತಿರಲೇಬೇಕು. ವಿಮಾನ ಮೂವತ್ತೈದು ಸಾವಿರ ಅಡಿಗೂ ಮೇಲೆ ಹಾರುತ್ತಿರುವಾಗ ಹೊರಗಿನ ತೆಳುಗಾಳಿಯಲ್ಲಿ ಮನುಷ್ಯ ಉಸಿರಾಡಿ ಬದುಕಲಾರ. ಎಂಜಿನ್ ಒತ್ತಿದ ಗಾಳಿಯನ್ನು ತಣಿಸಿ ಒಳಗೆ ಬಿಡುತ್ತಾರೆ. ಆದರೂ ಅದನ್ನು ಸಮುದ್ರಮಟ್ಟದ ಒತ್ತಡಕ್ಕೆ ತರುವುದಿಲ್ಲ. ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟು ತೆಳುವಾಗಲು ನಿಯಮದಲ್ಲಿ ಅವಕಾಶವಿದೆ. ಎ380ಯಲ್ಲಿ ಇನ್ನೂ ಅನುಕೂಲ, ಆರು ಸಾವಿರ ಅಡಿಯ ಆಸುಪಾಸು. 1,712 ಮೀಟರಿನ ಪುಷ್ಪಗಿರಿ ತುದಿಯಲ್ಲಿ ಇರುವುದೂ ಹೆಚ್ಚುಕಡಿಮೆ ಅಂಥದೇ ಗಾಳಿ. ಇದನ್ನು ಹೇಳಿದಾಗ ಅವ್ವನ ಭಯ ಅರ್ಧ ಇಳಿಯಿತು. ಪುಷ್ಪಗಿರಿ ನಮ್ಮ ಅಂಗಳದಿಂದ ದಿನಾ ಕಾಣುವ ಬೆಟ್ಟ. "ಹಾಗಾದರೆ ಉಸಿರಿಗೇನೂ ತೊಂದರೆಯಿಲ್ಲ" ಎಂದು ಸೆರಗು ಹೊದ್ದುಕೊಂಡರು.

ತೊಂದರೆ ಇರುವುದು ಒಣಗಾಳಿಯಲ್ಲಿ. ಅಷ್ಟು ಎತ್ತರದಲ್ಲಿ ಹೊರಗೆ ಶೂನ್ಯಕ್ಕಿಂತ 50 ಡಿಗ್ರಿಗೂ ಕೆಳಗಿನ ಚಳಿ. ಅಂಥ ಗಾಳಿಯಲ್ಲಿ ನೀರಿನ ಅಂಶ ಇಲ್ಲವೆಂದೇ ಹೇಳಬೇಕು. ಅದನ್ನೇ ಒತ್ತಿ ಒಳಗೆ ಬಿಟ್ಟರೆ ಅಲ್ಲಿನ ತೇವಾಂಶ ಶೇಕಡಾ 10ರಿಂದ 20ರ ಆಚೀಚೆ ನಿಲ್ಲುತ್ತದೆ. ಗೋಡೆಗೂ ಚಪ್ಪಲಿಗೂ ಬೂಷ್ಟು ಹಿಡಿಯುವ ಮಳೆಯ ಊರಿನಿಂದ ಬಂದ ಮೈ ಅದು. ನಾಲ್ಕೈದು ಗಂಟೆಯಲ್ಲೇ ಅವ್ವನ ತುಟಿ ಬಿರಿಯಿತು, ಮೂಗಿನೊಳಗೆ ಉರಿ. ಕೈಯ ಚರ್ಮದ ಮೇಲೆ ಉಗುರು ಎಳೆದರೆ ಬಿಳಿ ಗೆರೆ ಮೂಡುತ್ತಿತ್ತು. ಕೊಬ್ಬರಿ ಎಣ್ಣೆಯ ಪುಟ್ಟ ಶೀಷೆ ಇಟ್ಟುಕೊಂಡಿದ್ದೆ, ತುಟಿಗೂ ಮೂಗಿಗೂ ಸವರಿದೆ. ಗಗನಸಖಿಯರು ಕೊಡುವ ಲೋಟ ಸಾಲುವುದಿಲ್ಲ. ಭದ್ರತಾ ತಪಾಸಣೆ ಮುಗಿದ ಮೇಲೆ ತುಂಬಿಸಿಕೊಂಡ ಬಾಟಲಿಯಿಂದ ಗಂಟೆಗೆ ಇಷ್ಟು ಎಂದು ಕುಡಿಸುತ್ತಾ ಹೋದೆ.

ಕುಡಿಸಿದ ಮೇಲೆ ಶೌಚಾಲಯ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಿರಿದಾದ ಕೋಣೆ. ನಡುವೆ ಮಡಚಿಕೊಳ್ಳುವ ಬಾಗಿಲನ್ನು ಎಲ್ಲಿ ಒತ್ತಬೇಕೆಂದು ತಿಳಿಯದೆ ಹಿರಿಯರು ಹೊರಗೇ ನಿಂತಿರುತ್ತಾರೆ. ಅಗುಳಿ ಹಾಕಿದಾಗ ಮಾತ್ರ ದೀಪ ಪೂರ್ತಿ ಹೊತ್ತಿಕೊಳ್ಳುತ್ತದೆ. ಗುಂಡಿ ಒತ್ತಿದೊಡನೆ ಗಾಳಿ ಎಳೆದುಕೊಳ್ಳುವ ಸದ್ದು ಎದೆ ನಡುಗಿಸುವಂತಿದೆ. ನೀರಿನ ಬದಲು ಕಾಗದ. ಅವ್ವನನ್ನು ಮೊದಲ ಸಲ ನಾನೇ ಕರೆದುಕೊಂಡು ಹೋಗಿ, ಬಾಗಿಲು, ಅಗುಳಿ, ಗುಂಡಿ ಒಂದೊಂದನ್ನೂ ತೋರಿಸಿ, ಸದ್ದು ಬರುತ್ತದೆಂದು ಮೊದಲೇ ಹೇಳಿ, ಖಾಲಿ ಬಾಟಲಿಯೊಂದಕ್ಕೆ ನಲ್ಲಿಯ ನೀರು ಹಿಡಿದು ಕೈಗೆ ಕೊಟ್ಟೆ. ಆಮೇಲೆ ಅವರು ನನ್ನನ್ನು ಕಾಯಲಿಲ್ಲ, ತಾವೇ ಎದ್ದು ಹೋಗಿಬಂದರು. ಹೀಗೆ ತೋರಿಸಿಕೊಡುವವರು ಇಲ್ಲದೆ ಒಂಟಿಯಾಗಿ ಹೋಗುವ ತಾಯಂದಿರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಹೊರಡುವ ಮುನ್ನ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರೂ ಸಾಕು.

ಏಳುವುದರಿಂದ ಇನ್ನೊಂದು ಲಾಭ ಕಾಲಿಗೆ. ಮಡಿಕೇರಿಯ ವೈದ್ಯರು ಹೇಳಿ ಕಳುಹಿಸಿದ್ದು ಇದನ್ನೇ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಅಲುಗಾಡದೆ ಕೂತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ನಾಲ್ಕು ಗಂಟೆಗೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಬಸ್ಸು, ಕಾರು, ರೈಲಿಗೂ ಈ ಮಾತು ಸಲ್ಲುತ್ತದೆ. ಎರಡು ಪಟ್ಟಾದರೂ ಆರೋಗ್ಯವಂತರಲ್ಲಿ ಆರು ಸಾವಿರಕ್ಕೆ ಒಬ್ಬರಿಗಷ್ಟೇ, ಹಾಗಾಗಿ ಹೆದರಬೇಕಿಲ್ಲ, ಎಚ್ಚರವಿದ್ದರೆ ಸಾಕು. ವೈದ್ಯರು ಬರೆದುಕೊಟ್ಟ ಬಿಗಿ ಕಾಲುಚೀಲವನ್ನು ಅವ್ವನಿಗೆ ಬೆಂಗಳೂರಿನಲ್ಲೇ ತೊಡಿಸಿದ್ದೆ. ಕೂತಲ್ಲೇ ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು, ಪಾದ ತಿರುಗಿಸುವುದು. ಎರಡು ಗಂಟೆಗೊಮ್ಮೆ ವಿಮಾನದ ಹಿಂಭಾಗದವರೆಗೆ ನಡೆದು, ಅಲ್ಲಿ ಐದು ನಿಮಿಷ ನಿಂತು ಬರುತ್ತಿದ್ದೆವು.

ಊಟ ತಿಂದು ಅವ್ವ ಮೊದಲು ಹೇಳಿದ್ದು, "ಉಪ್ಪೇ ಹಾಕಿಲ್ಲ." ಉಪ್ಪು ಇತ್ತು. ಒಣಗಾಳಿ, ಕಡಿಮೆ ಒತ್ತಡ, ಎಡೆಬಿಡದ ಎಂಜಿನ್ ಸದ್ದು ಇವುಗಳಿಂದ ನಾಲಿಗೆಗೆ ಉಪ್ಪೂ ಸಿಹಿಯೂ ಮಂದವಾಗುತ್ತವೆ. ಸಸ್ಯಾಹಾರ ಬೇಕೆಂದು ಹೊರಡುವ ಹಿಂದಿನ ದಿನಕ್ಕೆ ಮೊದಲೇ ತಿಳಿಸಿದ್ದರಿಂದ ಅವರ ತಟ್ಟೆ ಎಲ್ಲರಿಗಿಂತ ಮುಂಚೆ ಬಂದಿತ್ತು.

ದಾರಿಯ ಆಚೆ ಬದಿಯಲ್ಲಿ ಪಂಜಾಬಿನ ಅಜ್ಜಿಯೊಬ್ಬರಿದ್ದರು. ಅವರಿಗೆ ಕನ್ನಡ ಬಾರದು, ಅವ್ವನಿಗೆ ಪಂಜಾಬಿಯೂ ಹಿಂದಿಯೂ ಬಾರದು. ಅಜ್ಜಿ ಸ್ಟೀಲ್ ಡಬ್ಬಿ ತೆಗೆದು ಒಂದು ಹಿಡಿ ಪಂಜೀರಿ ಕೊಟ್ಟರು, ತುಪ್ಪದಲ್ಲಿ ಹುರಿದ ಹಿಟ್ಟು, ಬಾದಾಮಿ, ಸಕ್ಕರೆ. ಅವ್ವ ಬಾಯಿಗೆ ಹಾಕಿಕೊಂಡು, ಅಗಿದು, ಕಣ್ಣರಳಿಸಿ ನನ್ನ ಕಡೆ ತಿರುಗಿದರು. "ಇದರಲ್ಲಿ ಅಂಟು ಇದೆ, ಶುಂಠಿ ಇದೆ. ಇವರೂ ಬಾಣಂತನಕ್ಕೇ ಹೊರಟಿದ್ದಾರೆ." ನಾನು ನನಗೆ ಬಂದ ಹಿಂದಿಯಲ್ಲಿ ಕೇಳಿದೆ. ಹೌದು, ಮಗಳ ಎರಡನೆಯ ಹೆರಿಗೆ. ಅವ್ವ ಕಿವಿ ಗುಂಯ್‌ಗುಟ್ಟದಿರಲೆಂದು ತಂದಿದ್ದ ಶುಂಠಿಬೆಲ್ಲದ ಉಂಡೆಯನ್ನು ಅವರ ಅಂಗೈಗಿಟ್ಟರು. ಅಲ್ಲಿಂದಾಚೆಗೆ ಇಬ್ಬರೂ ಒಟ್ಟಿಗೇ ಎದ್ದು ಒಟ್ಟಿಗೇ ನಡೆದರು. ಕಾಲು ಆಡಿಸಲು ನಾನು ನೆನಪಿಸಬೇಕಾಗಲಿಲ್ಲ.

ಸುಮಾರು 11,000 ಕಿಲೋಮೀಟರ್ ದಾರಿ. ಪರದೆಯ ಮೇಲಿನ ನಕ್ಷೆಯಲ್ಲಿ ವಿಮಾನ ಉತ್ತರಕ್ಕೆ ಏರಿ, ಗ್ರೀನ್‌ಲ್ಯಾಂಡಿನ ಮೇಲೆ ಬಾಗಿ ಇಳಿಯಿತು. ಭೂಮಿ ದುಂಡಗಿರುವುದರಿಂದ ಹತ್ತಿರದ ದಾರಿ ಅದೇ. ಕತ್ತಲಲ್ಲಿ ಹೊರಟವರಿಗೆ ಬೇಗನೆ ಬೆಳಕು ಸಿಕ್ಕಿತು, ಮತ್ತೆ ಕತ್ತಲಾಗಲೇ ಇಲ್ಲ. ಸೂರ್ಯ ಹೋಗುವ ದಿಕ್ಕಿಗೇ ನಾವೂ ಹೋಗುತ್ತಿದ್ದೆವು. "ದೀಪ ಹಚ್ಚುವ ಹೊತ್ತು ಯಾವಾಗ?" ಎಂದು ಅವ್ವ ಕೇಳಿದರು. ಅವರು ಕೈಗಡಿಯಾರವನ್ನು ಊರಿನ ಸಮಯದಲ್ಲೇ ಇಟ್ಟುಕೊಂಡಿದ್ದರು. ಲೆಕ್ಕ ಹಾಕಿ ನೋಡಿದರೆ ನಾವು ಟೊರಾಂಟೊದಲ್ಲಿ ಇಳಿಯುವ ಬೆಳಗಿನ ಒಂಬತ್ತೂವರೆ, ಶಾಂತಳ್ಳಿಯಲ್ಲಿ ಸಂಜೆಯ ಏಳು. ಇಳಿದ ಕೂಡಲೇ ಅವ್ವ ತಮ್ಮನ ಹೆಂಡತಿಗೆ ಫೋನು ಮಾಡಿಸಿ, ದೀಪ ಹಚ್ಚಿದೆಯಾ ಎಂದು ಕೇಳಿದ ಮೇಲೆಯೇ ತಲುಪಿದ ಸುದ್ದಿ ಹೇಳಿದ್ದು.

ತಿಂಡಿಪದಾರ್ಥ ತಂದಿದ್ದೇವೆಂದು ನಾವೇ ಬರೆದುಕೊಟ್ಟಿದ್ದೆವು. ಅಧಿಕಾರಿಣಿ ಲೇಹ್ಯದ ಡಬ್ಬಿ ತೆರೆಸಿ, ಏನೆಂದು ಕೇಳಿ, ಮುಚ್ಚಿಕೊಟ್ಟರು. ಅವ್ವನ ಪಾದ ಸ್ವಲ್ಪ ಬಾತಿತ್ತು, ಎರಡು ದಿನದಲ್ಲಿ ಇಳಿಯಿತು. ನಿದ್ದೆ ಹಾದಿಗೆ ಬರಲು ವಾರ ಹಿಡಿಯಿತು. ನಡುರಾತ್ರಿ ಎಚ್ಚರವಾಗುತ್ತಿದ್ದುದು ಮಗುವನ್ನು ಎತ್ತಿಕೊಳ್ಳಲು ಒದಗಿತು, ತಂಗಿ ಆ ವಾರವೆಲ್ಲ ನೆಮ್ಮದಿಯಾಗಿ ಮಲಗಿದಳು.

ನಾನು ಮೊದಲೇ ಹಿಂದಿರುಗಬೇಕಿತ್ತು, ಅವ್ವ ಚಳಿ ಶುರುವಾಗುವ ಮುನ್ನ ಒಬ್ಬರೇ ಬರುವುದೆಂದಾಯಿತು. ಬರುವಾಗ ಎತ್ತರದ ಪಡುವಣ ಗಾಳಿ ಹಿಂದಿನಿಂದ ನೂಕುವುದರಿಂದ ಪ್ರಯಾಣ ಒಂದು ಗಂಟೆಗೂ ಹೆಚ್ಚು ಕಡಿಮೆ. ತಂಗಿ ಲ್ಯಾಪ್‌ಟಾಪ್ ತೆರೆದು ಸೀಟು ಆರಿಸಲು ಕೂತಾಗ ಅವ್ವ ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಪರದೆಯ ಹತ್ತಿರ ಬಂದರು. ದಾರಿ ಪಕ್ಕದ್ದು, ಹಿಂಭಾಗದ್ದು, ಶೌಚಾಲಯಕ್ಕೆ ನಾಲ್ಕೈದು ಸಾಲು ಮುಂದೆ, ಗೋಡೆಗೆ ತಾಗಿದ್ದು ಬೇಡ, ಅದು ಹಿಂದಕ್ಕೆ ಒರಗುವುದಿಲ್ಲ ಎಂದು ಒಂದೊಂದಾಗಿ ಹೇಳಿ, ಬೆರಳಿಟ್ಟು ತೋರಿಸಿದರು.