ಯಾವ ಟೋಪಿ ಹಾಕಿಕೊಳ್ಳಲಿ?
ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್ ಹುಡುಗರು ಕಾಲೇಜು ಆರಿಸುವ ವಿಡಿಯೋ ನೋಡುತ್ತಿದ್ದೆ. ಮೇಜಿನ ಮೇಲೆ ಮೂರ್ನಾಲ್ಕು ಕಾಲೇಜುಗಳ ಟೋಪಿ, ಪಕ್ಕದಲ್ಲಿ ಅಮ್ಮ, ಎದುರಿಗೆ ಕ್ಯಾಮೆರಾ. ಯಾವ ಟೋಪಿ ತಲೆಗೇರಿತೋ ಆ ಕಾಲೇಜು.

2021ರ ಡಿಸೆಂಬರ್‌ನಲ್ಲಿ ಟ್ರಾವಿಸ್ ಹಂಟರ್ ಅನ್ನುವ ಹೈಸ್ಕೂಲ್ ಆಟಗಾರ ಎಲ್ಲರನ್ನೂ ಬೆಚ್ಚಿಬೀಳಿಸಿದ. ದೊಡ್ಡ ಹೆಸರಿನ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದ ಮಾತು ಬಿಟ್ಟು, ಮಿಸಿಸಿಪ್ಪಿಯ ಜಾಕ್ಸನ್ ಸ್ಟೇಟ್ ಸೇರಿದ. ಅಲ್ಲಿ ಕೋಚ್ ಆಗಿದ್ದವರು ಹಿಂದೆ ಸ್ಟಾರ್ ಆಟಗಾರರಾಗಿದ್ದ ಡಿಯಾನ್ ಸ್ಯಾಂಡರ್ಸ್. ಆಮೇಲೆ ಅವರ ಹಿಂದೆಯೇ ಕೊಲರಾಡೋ ವಿಶ್ವವಿದ್ಯಾಲಯಕ್ಕೆ ಹೋದ, 2024ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದ.

ಒಳ್ಳೆಯ ಆಟಗಾರನಿಗೆ ಸ್ಕಾಲರ್‌ಶಿಪ್ ಹತ್ತು ಕಡೆಯಿಂದ ಬರುತ್ತದೆ. ಕಲಿಸುವವರು ಯಾರು, ಮೊದಲ ವರ್ಷವೇ ಆಡಿಸುತ್ತಾರಾ, ಮನೆಯಿಂದ ಎಷ್ಟು ದೂರ ಅನ್ನುವುದೇ ಮುಖ್ಯ, ಅಲ್ವಾ? ನಂಬಿ ಬಂದ ಕೋಚೇ ಬೇರೆ ಕಡೆ ಹೊರಟುಬಿಟ್ಟರೆ? ಹದಿನೇಳು ಹದಿನೆಂಟರ ಹುಡುಗರ ಮೇಲೆ ಇಷ್ಟು ಭಾರ ಹಾಕುವುದು ನನಗಂತೂ ಜಾಸ್ತಿ ಅನಿಸುತ್ತದೆ.