ಮಳೆಗಾಲದ ಕಿಲುಬು
ಮುಂಬಯಿ ಬಳಿಯ ಡೊಂಬಿವಿಲಿಯ ಜುಲೈ ತಿಂಗಳ ತೇವ ನಮ್ಮ ಗೋಡೆಗಳಿಗಷ್ಟೇ ಅಲ್ಲದೆ ವಾಷಿಂಗ್ ಮಷೀನಿನ ಸರ್ಕ್ಯೂಟ್ ಬೋರ್ಡಿಗೂ ತಗಲುತ್ತದೆಂಬುದು ಈ ವರ್ಷ ನನಗೆ ಮನದಟ್ಟಾಯಿತು. ಮೊದಲು ಪರದೆಯ ಅಂಕಿಗಳು ಮಿನುಗತೊಡಗಿದವು. ಬಳಿಕ ಗುಂಡಿಯನ್ನು ಮೂರು ನಾಲ್ಕು ಸಲ ಒತ್ತಬೇಕಾಯಿತು. ಆಮೇಲೆ ಬಟ್ಟೆ ಜಾಲಿಸುವ ಹಂತದಲ್ಲಿಯೇ ಯಂತ್ರ ನಿಂತು, ಬಾಗಿಲಿನ ಲಾಕ್ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ಡ್ರಮ್ ತಿರುಗಲು ಆಧಾರವಾದ ಬೇರಿಂಗ್ ಸವೆದರೆ ಸದ್ದು ದಿನೇ ದಿನೇ ಹೆಚ್ಚುತ್ತದೆ. ಆದರೆ ಇಂದು ಸರಿ, ನಾಳೆ ತಪ್ಪು ಎಂಬ ಇಂಥ ಚಂಚಲತೆ ಹೆಚ್ಚಾಗಿ ಬೋರ್ಡಿನದೋ ಸಡಿಲಗೊಂಡ ತಂತಿಯದೋ ಆಗಿರುತ್ತದೆ. ನಾನೋ, ಮೂರು ವಾರ ಪ್ಲಗ್ ಕಿತ್ತು ಮತ್ತೆ ಹಾಕುವುದನ್ನೇ ಚಿಕಿತ್ಸೆಯೆಂದು ನಂಬಿದ್ದೆ. ರಿಪೇರಿಯವರು ಮುಚ್ಚಳ ಬಿಚ್ಚಿದಾಗ ತಂತಿಗಳನ್ನು ಬೋರ್ಡಿಗೆ ಜೋಡಿಸುವ ಕನೆಕ್ಟರಿನ ಪಿನ್ನುಗಳ ಮೇಲೆ, ಅಜ್ಜಿಯ ತಾಮ್ರದ ಚೊಂಬಿನಲ್ಲಿ ಕಾಣುತ್ತಿದ್ದ ಅದೇ ಹಸಿರು ಕಿಲುಬು ಕುಳಿತಿತ್ತು.