ಎರಡೂ ಕಾಗದ ನಂಗೇ ಕೊಟ್ಟಿದ್ರೆ

21 ಆಗಸ್ಟ್ 2025, ಗುರುವಾರ

ನಮ್ಮ ಏಳನೇ ಕ್ಲಾಸಿನ ಲೀಡರಮ್ಮ ಇವತ್ತು ಕೊನೇ ಬೆಲ್ ಆದಮೇಲೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಬ್ಯಾಗು ಹೆಗಲ ಮೇಲೇ ಇತ್ತು.

"ಮಿಸ್, ನನ್ನ ಗುಂಪು ಬದಲಾಯಿಸಿ."

ಯಾಕಮ್ಮ ಅಂದೆ.

"ಎರಡೂ ಕಾಗದ ನಂಗೇ ಕೊಟ್ಟಿದ್ರೆ ಹತ್ತು ನಿಮಿಷಕ್ಕೆ ಮುಗಿಸ್ತಿದ್ದೆ ಮಿಸ್."

ನಿಜ. ಮುಗಿಸುತ್ತಿದ್ದಳು. ಅದಕ್ಕೇ ಕೊಟ್ಟಿರಲಿಲ್ಲ.

ಏಳನೇ ಕ್ಲಾಸಿಗೆ ಆಮ್ಲ, ಪ್ರತ್ಯಾಮ್ಲದ ಪಾಠ ನಡೀತಾ ಇದೆ. ನಿನ್ನೆ ರಾತ್ರಿ ಅರಿಶಿನ ಕಲಸಿ, ಹಾಳೆಗೆ ಬಳಿದು, ಫ್ಯಾನ್ ಕೆಳಗೆ ಒಣಗಿಸಿ, ಪಟ್ಟಿ ಕತ್ತರಿಸಿಟ್ಟುಕೊಂಡಿದ್ದೆ. ಮೂವರಿಗೊಂದು ಗುಂಪು. ಒಬ್ಬರಿಗೆ ಅರಿಶಿನ ಕಾಗದ ಮಾತ್ರ. ಇನ್ನೊಬ್ಬರಿಗೆ ನೀಲಿ ಲಿಟ್ಮಸ್ ಮಾತ್ರ. ಮೂರನೆಯವರಿಗೆ ಖಾಲಿ ಕೋಷ್ಟಕ, ಪೆನ್ಸಿಲ್. ಕೆಂಪು ಲಿಟ್ಮಸ್ಸನ್ನು ಬೇಕಂತಲೇ ಬೀರುವಿನಲ್ಲೇ ಬಿಟ್ಟೆ. ಮೇಜಿನ ಮೇಲೆ ನಿಂಬೆರಸ, ಹುಣಸೆ ನೀರು, ಸೋಪಿನ ನೀರು, ಸುಣ್ಣದ ತಿಳಿ, ಉಪ್ಪು ನೀರು, ಸಕ್ಕರೆ ನೀರು. ಲೋಟಗಳಿಗೆ ಹೆಸರಿಲ್ಲ, ಬರೀ ನಂಬರ್. (ಹುಣಸೆ ನೀರು ಮೂಗಿಗೇ ಸಿಕ್ಕಿಬಿತ್ತು, ಆ ಮಾತು ಬೇರೆ.)

ಇದರಲ್ಲಿ ಒಂದು ಮಜಾ ಇದೆ. ಅರಿಶಿನಕ್ಕೆ ಪ್ರತ್ಯಾಮ್ಲ ಮಾತ್ರ ಕಾಣತ್ತೆ. ಸುಣ್ಣ ತಾಗಿದ ತಕ್ಷಣ ಕೆಂಪು. ಆರತಿ ತಟ್ಟೆಯ ಕೆಂಪು ನೀರು ಮಾಡೋದೂ ಹಾಗೇ ಅಲ್ವಾ, ಮಕ್ಕಳು ಅದನ್ನು ಕೂಡಲೇ ಹಿಡಿದರು. ಆದರೆ ನಿಂಬೆರಸಕ್ಕೂ ಅದು ಹಳದಿಯೇ, ಉಪ್ಪು ನೀರಿಗೂ ಹಳದಿಯೇ. ನೀಲಿ ಲಿಟ್ಮಸ್ ಇದಕ್ಕೆ ಉಲ್ಟಾ. ಆಮ್ಲ ಸಿಕ್ಕರೆ ಕೆಂಪಾಗತ್ತೆ, ಸೋಪಿಗೂ ಉಪ್ಪಿಗೂ ಸುಮ್ನೆ ನೀಲಿಯಾಗಿಯೇ ಇರತ್ತೆ. ಅಂದರೆ ಉಪ್ಪು ನೀರು ತಟಸ್ಥ ಅಂತ ಬರೀಬೇಕಾದರೆ ಎರಡೂ ಕಾಗದದವರು ಮಾತಾಡಲೇಬೇಕು. ಎಷ್ಟೇ ಜಾಣರಾದರೂ ಒಂದೇ ಕಾಗದ ಹಿಡಿದುಕೊಂಡು ಅದನ್ನು ಬರೆಯೋಕಾಗಲ್ಲ.

ನಾಲ್ಕು ಜನರನ್ನು ದುಂಡಗೆ ಕೂರಿಸಿ "ಚರ್ಚೆ ಮಾಡಿ ಬರೀರಿ" ಅಂದರೆ ಏನಾಗತ್ತೆ ಅಂತ ಪಾಠ ಮಾಡೋರಿಗೆಲ್ಲ ಗೊತ್ತು. ಒಬ್ಬಳು ಬರೀತಾಳೆ, ಒಬ್ಬ ಸ್ಕೇಲ್ ಹಿಡ್ಕೊಂಡಿರ್ತಾನೆ, ಇಬ್ಬರು ಕಿಟಕಿ ನೋಡ್ತಾರೆ. ಚಾರ್ಟ್ ಚೆನ್ನಾಗಿರತ್ತೆ. ನಾಲ್ಕೂ ಹೆಸರು ಕೆಳಗಿರತ್ತೆ. ಅದರ ಫೋಟೋ ತೆಗೆದು ಸುತ್ತಲಿನ ಶಾಲೆಗಳ ಮೇಷ್ಟ್ರುಗಳಿರೋ ಕ್ಲಸ್ಟರ್ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಹೆಬ್ಬೆಟ್ಟು ಮೇಲೆ ಹೆಬ್ಬೆಟ್ಟು ಬೀಳತ್ತೆ.

ಲೀಡರಮ್ಮನ ಕೈಯಲ್ಲಿ ಅರಿಶಿನ ಇತ್ತು. ನೀಲಿ ಲಿಟ್ಮಸ್ ನಮ್ಮ ಮೆಲ್ಲಗಪ್ಪನ ಕೈಯಲ್ಲಿ. ಐದನೇ ಲೋಟಕ್ಕೆ ಅದ್ದಿದ, ಬಣ್ಣ ಬದಲಾಗಲಿಲ್ಲ. ಚಡ್ಡಿಗೆ ಒರೆಸಿಕೊಂಡು ಇನ್ನೊಂದು ತುದಿ ಅದ್ದಿದ. ಬೆಳಕಿಗೆ ಹಿಡಿದು ನೋಡಿದ. "ಮಿಸ್, ನಂದು ಕೆಟ್ಟೋಗಿದೆ." ನಾನು ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಲೀಡರಮ್ಮ ತನ್ನದು ಹಳದಿಯೇ ಇದೆ ಅಂತ ಕೋಷ್ಟಕದ ಹುಡುಗಿ ಹತ್ತಿರ "ಆಮ್ಲ" ಅಂತ ಬರೆಸಿಯೂ ಆಗಿತ್ತು. ಇವನು ಕಾಗದ ನೋಡ್ತಾ ನೋಡ್ತಾನೇ, "ಆಮ್ಲ ಆಗಿದ್ರೆ ನಂದು ಕೆಂಪಾಗ್ಬೇಕಿತ್ತಲ್ಲ" ಅಂದ. ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ. ಲೀಡರಮ್ಮ ರಬ್ಬರ್ ತಗೊಂಡು ತಾನೇ ಅಳಿಸಿದಳು. ಕಾಗದ ಹರಿಯೋ ಹಾಗೆ ಅಳಿಸಿದಳು.

ಸಂಜೆಯ ದೂರು ಅಲ್ಲಿಂದ ಹುಟ್ಟಿತಾ, ಗೊತ್ತಿಲ್ಲ. ಅವಳಂತೂ ಅದನ್ನು ಎತ್ತಲಿಲ್ಲ. ಅವಳ ಲೆಕ್ಕವೇ ಬೇರೆ.

"ಅವನಿಗೆ ಹೇಳಿಕೊಡೋದು ನಿಮ್ಮ ಕೆಲಸ ಅಲ್ವಾ ಮಿಸ್?"

ಗಣಿತದ ಸರ್ ಪಕ್ಕದಲ್ಲಿ ಹಾಜರಿ ಬರೀತಿದ್ದವರು ಕೆಮ್ಮಿದರು. ನಗು ತಡೆಯೋ ಕೆಮ್ಮು.

ನಾನು ಹಳೇ ದಾರಿ ಹಿಡಿದೆ. ನಲಿಕಲಿಯಲ್ಲಿದ್ದಾಗ ನಿಂಗೆ ದೊಡ್ಡ ಮಕ್ಕಳು ಹೇಳಿಕೊಟ್ಟಿರಲಿಲ್ವಾ ಅಂತ ಕೇಳಿದೆ. ಮೂರನೇ ಕ್ಲಾಸಿನವರೆಗೆ ಇವರೆಲ್ಲ ತಟ್ಟೆಗಳಲ್ಲೇ, ಅಂದರೆ ದುಂಡನೆ ಗುಂಪುಗಳಲ್ಲೇ, ಕೂತು ಕಲಿತವರು. ಶಿಕ್ಷಕರ ಬೆಂಬಲದ ಗುಂಪು, ಸಹಪಾಠಿ ಬೆಂಬಲದ ಗುಂಪು, ಸ್ವಕಲಿಕೆ, ಎಲ್ಲ ಗೊತ್ತು ಅವರಿಗೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾದ ಪದ್ಧತಿ, ಆಮೇಲೆ ರಾಜ್ಯಕ್ಕೆಲ್ಲ ಬಂತು. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಬೆಂಚು, ಸಾಲು, ಮುಂದೆ ನೋಡು. ಯಾರಿಗೆ ಯಾರು ಹೇಳಿಕೊಡೋದು ಅನ್ನೋ ಅಭ್ಯಾಸ ಅಲ್ಲಿಗೆ ನಿಲ್ಲತ್ತೆ. ಮತ್ತೆ ಏಳಕ್ಕೆ ಬಂದಾಗ ನಾವು "ಸಹಕಾರ" ಅಂದರೆ ಮಕ್ಕಳು ಪಿಳಿಪಿಳಿ ನೋಡ್ತಾರೆ.

ಅವಳು ಹೇಳಿದ್ದು: "ಅವಾಗ ನಂಗೂ ಬರ್ತಿರಲಿಲ್ಲ ಮಿಸ್. ಈಗ ಬರತ್ತೆ."

ಆಮೇಲೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಮಾತು ಎತ್ತಿದಳು. ಮುಂದಿನ ವರ್ಷ ಎಂಟನೇ ಕ್ಲಾಸು, ಆ ಪರೀಕ್ಷೆ ಬರೀಬೇಕು, ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ಪಿಯುಸಿವರೆಗೆ. "ಅಲ್ಲಿ ಇವನು ನನ್ನ ಜೊತೆ ಕೂರ್ತಾನಾ?" ಅವರಪ್ಪನ ಮಾತು ಅದು, ಗೊತ್ತಾಗತ್ತೆ. ಆದರೆ ಅಪ್ಪನ ಮಾತು ಅಂದಮಾತ್ರಕ್ಕೆ ಸುಳ್ಳಾಗಲ್ಲ. ಅವರ ಮನೆಗೆ ಆ ದುಡ್ಡು ದೊಡ್ಡದು.

ಅಂಕದ ವಿಷಯದಲ್ಲಿ ನಾನು ಗಟ್ಟಿ. ಇಡೀ ಗುಂಪಿಗೆ ಒಂದೇ ಅಂಕ ಕೊಡಲ್ಲ. ಅದು ಕಷ್ಟಪಟ್ಟವರಿಗೂ ಅನ್ಯಾಯ, ಪಡದವರಿಗೂ ಅನ್ಯಾಯ. ಕೆಲಸ ಒಟ್ಟಿಗೆ, ಪರೀಕ್ಷೆ ಒಬ್ಬೊಬ್ಬರಿಗೆ. ಗುಂಪಿಗೆ ಸಿಗೋದು ನಕ್ಷತ್ರ ಮಾತ್ರ. ಅದೂ ಪ್ರತಿಯೊಬ್ಬರು ತಮ್ಮ ಹಿಂದಿನ ಅಂಕಕ್ಕಿಂತ ಎಷ್ಟು ಮೇಲೆ ಬಂದರು ಅನ್ನೋದರ ಮೇಲೆ. ಅಮೆರಿಕದ ರಾಬರ್ಟ್ ಸ್ಲೇವಿನ್ ಅನ್ನೋರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕೂತು ರೂಪಿಸಿದ ಲೆಕ್ಕ ಇದು. ಮೂರು ತಗೊಳ್ಳೋನು ಐದು ತಗೊಂಡರೆ ಗುಂಪಿಗೆ ಲಾಭ. ಆಗ ಅವನಿಗೆ ಹೇಳಿಕೊಡೋಕೆ ಉಳಿದವರಿಗೂ ಒಂದು ಕಾರಣ ಸಿಗತ್ತೆ. ಉತ್ತರ ಕೈಗಿಟ್ಟರೆ ಪ್ರಯೋಜನ ಇಲ್ಲ, ಪರೀಕ್ಷೆಯಲ್ಲಿ ಅವನೊಬ್ಬನೇ ಕೂರಬೇಕಲ್ಲ.

"ನಂದು ಯಾವಾಗ್ಲೂ ಹತ್ತಕ್ಕೆ ಹತ್ತೇ. ನಾನೆಲ್ಲಿಂದ ಮೇಲೆ ಬರ್ಲಿ?"

ಸ್ಲೇವಿನ್ ಲೆಕ್ಕದಲ್ಲಿ ಇದಕ್ಕೂ ಉತ್ತರ ಇದೆ. ಪೂರ್ತಿ ಅಂಕ ತಗೊಂಡವರಿಗೆ ಪೂರ್ತಿ ಏರಿಕೆಯ ಪಾಯಿಂಟೇ ಕೊಡೋದು. ಹೇಳಿದೆ. ತಲೆ ಆಡಿಸಿದಳು. ಒಪ್ಪಿಗೆಯಾಗಿ ಅಲ್ಲ, ಮಿಸ್ ಮಾತು ಮುಗೀಲಿ ಅಂತ. ಹೋದಳು.

ಗಣಿತದ ಸರ್, "ಮೇಡಂ, ಹುಡುಗಿ ಕೇಳಿದ್ದರಲ್ಲಿ ತಪ್ಪೇನಿದೆ?" ಅಂದರು. ಬೆಳಿಗ್ಗೆ ನಿಮ್ಮ ಕ್ಲಾಸು ಸಂತೆ ಆಗಿತ್ತು ಅಂದವರೂ ಅವರೇ. ಸಂತೆಯಾದರೆ ಆಗಲಿ ಸರ್, ವ್ಯಾಪಾರ ನಡೀತಿತ್ತಲ್ಲ ಅಂದೆ. ನಕ್ಕರು. ಅವರ ಪ್ರಶ್ನೆಗೆ ಮಾತ್ರ ನಾನು ಉತ್ತರ ಕೊಡಲಿಲ್ಲ.

ಅತ್ತಿಗೆ ಫೋನ್. ಗೌರಿ ಹಬ್ಬಕ್ಕೆ ಮೊರ ತಗೊಂಡ್ಯಾ, ಬಳೆ ತಗೊಂಡ್ಯಾ. ಮಂಗಳವಾರದೊಳಗೆ ಎಲ್ಲ ಆಗತ್ತೆ ಅಂದೆ. ಆಗಲ್ಲ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ಬೇರೆ ಅಪ್‌ಲೋಡ್ ಮಾಡಬೇಕು.

ನಂಗೆ ಕೊರೀತಿರೋದು ಇನ್ನೊಂದು. ಮಕ್ಕಳನ್ನೇ "ನಿಮಗೆ ಬೇಕಾದವರ ಜೊತೆ ಕೂತ್ಕೊಳ್ಳಿ" ಅಂತ ಬಿಟ್ಟರೆ ಹತ್ತು ನಿಮಿಷದಲ್ಲಿ ಊರಿನ ಬೀದಿಗಳೇ ಕ್ಲಾಸಿನಲ್ಲಿ ಬಂದು ಕೂರ್ತವೆ. ಮೇಲಿನ ಬೀದಿಯವರು ಇಲ್ಲಿ, ಆಚೆ ಕೇರಿಯವರು ಅಲ್ಲಿ. ಯಾರೂ ಹೇಳಿಕೊಟ್ಟಿರಲ್ಲ. ಅದಕ್ಕೇ ಗುಂಪು ನಾನೇ ಮಾಡೋದು, ಪಾಠ ಮುಗಿದ ಮೇಲೆ ಕಲಸೋದು. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಎಲಿಯಟ್ ಅರಾನ್‌ಸನ್ ಅನ್ನೋ ಮನಶ್ಶಾಸ್ತ್ರಜ್ಞರು ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟಿದ್ದೂ ಇಂಥದ್ದೇ ಕಾರಣಕ್ಕೆ. ಬಿಳಿ, ಕಪ್ಪು, ಮೆಕ್ಸಿಕೋ ಮೂಲದ ಮಕ್ಕಳು ಆಗಷ್ಟೇ ಒಂದೇ ಕ್ಲಾಸಿಗೆ ಬಂದಿದ್ದರು, ದಿನಾ ಜಗಳ. ಪಕ್ಕದವನ ತುಂಡು ಕೇಳಿಸಿಕೊಳ್ಳದೆ ತನ್ನ ಪಾಠ ಪೂರ್ತಿಯಾಗಲ್ಲ ಅನ್ನೋ ಹಾಗೆ ಮಾಡಿದರು. ಜಿಗ್ಸಾ ಅಂತ ಹೆಸರಾಯಿತು.

ಲೀಡರಮ್ಮ ಮೇಲಿನ ಬೀದಿ. ಮೆಲ್ಲಗಪ್ಪ ಅಲ್ಲ. ಅವಳು ಕೇಳಿದ್ದು ಅದಕ್ಕಲ್ಲ ಅಂತಲೇ ಅಂದುಕೊಳ್ತೀನಿ. ಹತ್ತು ನಿಮಿಷದ ಕೆಲಸ ಅರ್ಧ ಗಂಟೆ ಆಗಿದ್ದಕ್ಕೇ ಇರಬೇಕು. ಆದರೆ ಗುಂಪು ಬದಲಾಯಿಸಿದರೆ ಅವನಿಗೆ ಏನು ಅನ್ನಿಸತ್ತೆ, ಇಡೀ ಕ್ಲಾಸಿಗೆ ಏನು ಅನ್ನಿಸತ್ತೆ? ಬದಲಾಯಿಸದೇ ಇದ್ದರೆ ಅವಳು ಬಾಯಿ ಮುಚ್ಚಿಕೊಂಡು ಎರಡೂ ಕಾಗದದ ಉತ್ತರ ತಾನೇ ಊಹಿಸಿ ಬರೀತಾಳೆ, ಅಷ್ಟೇ.

ಅಂದಹಾಗೆ ಇವತ್ತು ಕ್ಲಾಸಿನಲ್ಲಿ ಉತ್ತರ ಯಾರು ಹೇಳೋದು ಅಂತ ಚೀಟಿ ಎತ್ತಿದಾಗ ಬಂದಿದ್ದು ಮೆಲ್ಲಗಪ್ಪನ ಹೆಸರೇ. ಉಪ್ಪು ನೀರು ಯಾಕೆ ತಟಸ್ಥ ಅಂತ ಸರಿಯಾಗಿ ಹೇಳಿದ. ಸುಣ್ಣದ ತಿಳಿಗೆ ತಡವರಿಸಿ ನಿಂತ. ಲೀಡರಮ್ಮನ ತುಟಿ ಅಲ್ಲಾಡ್ತಿತ್ತು, ಹೇಳಿಕೊಡೋಕೋ ಬೈಯೋಕೋ ತಿಳೀಲಿಲ್ಲ.

ಅವಳಿಗೆ ನಾಳೆ ಬೇರೆ ಕೆಲಸ ಕೊಡಲಾ? ಪ್ರಶ್ನೆ ತಯಾರು ಮಾಡೋದು? ಅದು ಬಡ್ತಿ ಕೊಟ್ಟು ಎತ್ತಂಗಡಿ ಮಾಡಿದ ಹಾಗಾಗತ್ತೆ. ಮೊದಲು ಆ ಹುಡುಗನನ್ನ ಕರೆದು ಕೇಳಬೇಕು, ನಿಂಗೆ ಅವಳ ಗುಂಪಲ್ಲಿ ಇರೋಕೆ ಇಷ್ಟ ಇದೆಯಾ ಅಂತ. ಅವನೂ ಬೇಡ ಅಂದುಬಿಟ್ಟರೆ